ಚಂದ್ರಕಲೆ ತೋರುವ ಕೈಗಡಿಯಾರ: ಶಾಸನದ ತಿಥಿಯಿಂದ ಮಣಿಕಟ್ಟಿನ ಕಿಂಡಿಯವರೆಗೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಜಡೆ, ಚಂದ್ರಗುತ್ತಿ, ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಬಳ್ಳಿಗಾವಿಗಳ ಕಡೆ ಓಡಾಡಿದವರಿಗೆ ಶಾಸನಕಲ್ಲುಗಳು ಹೊಸತಲ್ಲ. ದಾನಶಾಸನವಿರಲಿ, ವೀರಗಲ್ಲಿರಲಿ, ಕಲ್ಲಿನ ನೆತ್ತಿಯ ಒಂದು ಬದಿಗೆ ಸೂರ್ಯ, ಇನ್ನೊಂದು ಬದಿಗೆ ಬಿದಿಗೆಯ ಚಂದ್ರನನ್ನು ಕೆತ್ತುವುದು ವಾಡಿಕೆಯಾಗಿತ್ತು. ಸೂರ್ಯಚಂದ್ರರು ಇರುವವರೆಗೆ ಈ ದಾನ ಸಲ್ಲಲಿ ಎಂಬುದು ಅದರ ಅರ್ಥ. ಶಾಸನದ ಮಾತಿನಲ್ಲಿ ‘ಆಚಂದ್ರಾರ್ಕ’. ಕೆಳಗಿನ ಬರಹದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವೂ ಕ್ರಮವಾಗಿ ಬರುತ್ತವೆ. ಸೊರಬ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಶಾಸನದ ತಿಥಿಗೂ ವಾರಕ್ಕೂ ಗಣಿತದಲ್ಲಿ ತಾಳೆಯಾಗದಿದ್ದರೆ ವಿದ್ವಾಂಸರು ಆ ಕಲ್ಲನ್ನು ಸಂಶಯದಿಂದ ನೋಡುತ್ತಾರೆ. ಚಂದ್ರನ ಲೆಕ್ಕ ಅಷ್ಟು ಗಂಭೀರವಾದ ಸಾಕ್ಷಿ.

ಅದೇ ಮೂರು ಸಂಗತಿಗಳನ್ನು, ಅಂದರೆ ಚಂದ್ರ, ದಿನಾಂಕ ಮತ್ತು ವಾರವನ್ನು, ಬ್ಯಾಟರಿಯ ನೆರವಿಲ್ಲದೆ ಕೇವಲ ಸ್ಪ್ರಿಂಗ್ ಹಾಗೂ ಹಲ್ಲುಚಕ್ರಗಳಿಂದ ಮಣಿಕಟ್ಟಿನ ಮೇಲೆ ತೋರಿಸುವ ಕೈಗಡಿಯಾರಗಳು ಇಂದು ಬೆಂಗಳೂರಿನ ದುಬಾರಿ ಮಳಿಗೆಗಳ ಗಾಜಿನ ಕಪಾಟುಗಳಲ್ಲಿ ಕಾಣಸಿಗುತ್ತವೆ. ಬೆಲೆ ಲಕ್ಷಗಳಲ್ಲಿ, ಕೆಲವೊಮ್ಮೆ ಕೋಟಿಯನ್ನೂ ಮುಟ್ಟುತ್ತದೆ. ಇಷ್ಟು ಹಣ ತೆತ್ತು ಕೊಂಡ ವಾಚು ಅಮಾವಾಸ್ಯೆಯನ್ನು ಸರಿಯಾಗಿ ಹೇಳುತ್ತದೆಯೇ? ನಮ್ಮ ಮನೆಯ ಗೋಡೆಗೆ ತೂಗುಹಾಕಿದ, ನೂರು ರೂಪಾಯಿಯೂ ಬಾಳದ ಪಂಚಾಂಗದೊಡನೆ ಅದನ್ನು ಹೋಲಿಸಬಹುದೇ? ಸಂಕ್ಷಿಪ್ತ ಉತ್ತರ, ಇಲ್ಲ ಎಂದೇ. ಆದರೆ ಏಕೆ ಇಲ್ಲ ಎಂಬುದು ಸ್ವಾರಸ್ಯಕರವಾದ ವಿಷಯ.

ಕಿಂಡಿಯೊಳಗಿನ ಚಂದ್ರ

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ‘ಮೂನ್‌ವಾಚ್’ ಎಂದು ಪ್ರಸಿದ್ಧವಾದ ಒಮೇಗಾ ಸ್ಪೀಡ್‌ಮಾಸ್ಟರ್ 1969ರ ಜುಲೈನಲ್ಲಿ ಗಗನಯಾತ್ರಿಗಳೊಡನೆ ಚಂದ್ರನಲ್ಲಿಗೆ ಹೋಗಿ ಬಂದ ಗಡಿಯಾರ. ಅದರ ಸಾಮಾನ್ಯ ಮಾದರಿಯ ಡಯಲ್‌ನಲ್ಲಿ ಚಂದ್ರನೇ ಇಲ್ಲ. ಇಲ್ಲಿ ಹೇಳಹೊರಟಿರುವುದು ‘ಮೂನ್‌ಫೇಸ್’, ಅಂದರೆ ಚಂದ್ರಕಲೆಯನ್ನು ತೋರಿಸುವ ವಾಚಿನ ವಿಚಾರ.

ಇಂತಹ ವಾಚಿನ ಡಯಲ್‌ನಲ್ಲಿ ಒಂದು ಪುಟ್ಟ ಕಿಂಡಿಯಿರುತ್ತದೆ. ಕಿಂಡಿಯ ಕೆಳ ಅಂಚಿನ ಎಡಕ್ಕೂ ಬಲಕ್ಕೂ ಒಂದೊಂದು ಅರ್ಧವೃತ್ತದ ಗುಬ್ಬು. ಅದರ ಹಿಂದೆ ಗಾಢನೀಲಿ ಬಣ್ಣದ ತಟ್ಟೆಯೊಂದು ತಿರುಗುತ್ತದೆ. ತಟ್ಟೆಯ ಮೇಲೆ ಬರೆದಿರುವುದು ಒಂದಲ್ಲ, ಎದುರುಬದುರಾಗಿ ಎರಡು ಪೂರ್ಣಚಂದ್ರ. ಒಂದು ಚಂದ್ರ ಎಡಗುಬ್ಬಿನ ಮರೆಯಿಂದ ಹೊರಬರುತ್ತ ಶುಕ್ಲಪಕ್ಷವನ್ನು ತೋರಿಸಿ, ನಡುವೆ ಬಂದಾಗ ಹುಣ್ಣಿಮೆಯಾಗಿ, ಬಲಗುಬ್ಬಿನ ಹಿಂದೆ ಸರಿಯುತ್ತ ಕೃಷ್ಣಪಕ್ಷವನ್ನು ಮುಗಿಸುತ್ತದೆ. ಅದು ಮರೆಯಾಗುವ ಹೊತ್ತಿಗೆ ಎರಡನೆಯದು ಎಡಗಡೆಯಲ್ಲಿ ಸಿದ್ಧವಾಗಿರುತ್ತದೆ.

ತಟ್ಟೆಯ ಅಂಚಿನಲ್ಲಿ 59 ಹಲ್ಲುಗಳು. ಗಂಟೆಯ ಮುಳ್ಳಿನ ಚಕ್ರದಿಂದ ಚಾಲನೆ ಪಡೆದು 24 ಗಂಟೆಗೊಮ್ಮೆ ಸುತ್ತುವ ಇನ್ನೊಂದು ಚಕ್ರದ ಮೇಲಿರುವ ಲೋಹದ ಬೆರಳು ದಿನಕ್ಕೊಮ್ಮೆ ಒಂದು ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ. 59 ದಿನಗಳಲ್ಲಿ ಎರಡು ಚಂದ್ರರು ದಾಟಿಹೋದರೆ ಒಂದು ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ ಎಂದಾಯಿತು. ಎರಡು ಚಂದ್ರರನ್ನು ಬರೆದ ಗುಟ್ಟು ಇದೇ. ಅರ್ಧ ಹಲ್ಲನ್ನು ಕೊರೆಯಲು ಬಾರದು. ಆದ್ದರಿಂದ ಲೆಕ್ಕವನ್ನು ಇಮ್ಮಡಿ ಮಾಡಿಕೊಂಡರು.

ವಾಸ್ತವದಲ್ಲಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇರುವ ಸರಾಸರಿ ಅವಧಿ 29.53059 ದಿನ. ಅಂದರೆ 29 ದಿನ, 12 ಗಂಟೆ, 44 ನಿಮಿಷ, ಸುಮಾರು 3 ಸೆಕೆಂಡು. ವಾಚಿನ ಚಂದ್ರ ತಿಂಗಳಿಗೆ 44 ನಿಮಿಷ ಮುಂದೋಡುತ್ತದೆ. ಈ ತಪ್ಪು ಕೂಡುತ್ತ ಹೋಗಿ ಎರಡು ವರ್ಷ ಏಳೂವರೆ ತಿಂಗಳು ದಾಟುವಷ್ಟರಲ್ಲಿ ಪೂರ್ತಿ ಒಂದು ದಿನವಾಗುತ್ತದೆ. ಪಂಚಾಂಗ ಬಲ್ಲವರಿಗೆ ಈ ಅವಧಿ ಪರಿಚಿತವೆನಿಸಬಹುದು. ಚಾಂದ್ರಮಾನದ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದುದರಿಂದ ಸರಿಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆಯಷ್ಟೇ. ಎರಡು ಲೆಕ್ಕಗಳಿಗೂ ಪರಸ್ಪರ ಯಾವ ಸಂಬಂಧವೂ ಇಲ್ಲ, ಶುದ್ಧ ಕಾಕತಾಳೀಯ. ಆದರೂ ಉಪಯುಕ್ತವಾದ ಕಾಕತಾಳೀಯ: ಅಧಿಕಮಾಸ ಬಂದಾಗ ವಾಚಿನ ಚಂದ್ರನನ್ನೂ ಒಮ್ಮೆ ಸರಿಪಡಿಸಿದರೆ ಸಾಕು. 2023ರಲ್ಲಿ ಅಧಿಕ ಶ್ರಾವಣ. 2026ರಲ್ಲಿ ಅಧಿಕ ಜ್ಯೇಷ್ಠ.

ಇನ್ನೂ ನಿಖರವಾದ ವಾಚುಗಳಲ್ಲಿ 59ರ ಬದಲಿಗೆ 135 ಹಲ್ಲುಗಳ ಚಕ್ರವನ್ನು, ಅದಕ್ಕೆ ತಕ್ಕ ಮಧ್ಯಂತರ ಚಕ್ರಗಳೊಡನೆ, ಅಳವಡಿಸುತ್ತಾರೆ. ಅಲ್ಲಿ ತಿಂಗಳಿಗೆ ತಪ್ಪು ಒಂದು ನಿಮಿಷಕ್ಕಿಂತ ಕಡಿಮೆ. ಒಂದು ದಿನದ ವ್ಯತ್ಯಾಸವಾಗಲು 122 ವರ್ಷ ಬೇಕು. ಸ್ಪರ್ಧೆ ಅಲ್ಲಿಗೇ ನಿಂತಿಲ್ಲ. ಸ್ವಿಟ್ಜರ್ಲೆಂಡಿನ ಐಡಬ್ಲ್ಯುಸಿ ಕಂಪನಿ 2024ರಲ್ಲಿ ಹೊರತಂದ ‘ಎಟರ್ನಲ್ ಕ್ಯಾಲೆಂಡರ್’ ಮಾದರಿಯ ಚಂದ್ರ ಒಂದು ದಿನ ತಪ್ಪಲು ನಾಲ್ಕೂವರೆ ಕೋಟಿ ವರ್ಷ ಬೇಕೆಂದು ಕಂಪನಿ ಹೇಳಿಕೊಂಡಿದೆ. ಅಷ್ಟು ಕಾಲದಲ್ಲಿ ಚಂದ್ರನ ಗತಿಯೇ ಬದಲಾಗಿರುತ್ತದೆ ಎಂಬುದು ಬೇರೆ ಮಾತು. ನಡುವೆ ಒಮ್ಮೆ ವಾಚು ನಿಂತರೂ ಲೆಕ್ಕವನ್ನು ಮೊದಲಿನಿಂದ ಹಿಡಿಯಬೇಕು.

ಮಧ್ಯಮವೋ ಸ್ಫುಟವೋ

ಕೋಟಿ ವರ್ಷದ ನಿಖರತೆಯ ವಾಚಿಗೂ ನಮ್ಮ ಪಂಚಾಂಗಕ್ಕೂ ಹುಣ್ಣಿಮೆಯ ವಿಷಯದಲ್ಲಿ ಅರ್ಧ ದಿನದ ವ್ಯತ್ಯಾಸ ಬರಬಲ್ಲದು ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಕಾರಣ ಚಂದ್ರನಲ್ಲೇ ಇದೆ.

ಚಂದ್ರನ ಕಕ್ಷೆ ಪೂರ್ಣ ವೃತ್ತವಲ್ಲ. ಭೂಮಿಗೆ ಹತ್ತಿರವಿದ್ದಾಗ ಅದು ವೇಗವಾಗಿ ಚಲಿಸುತ್ತದೆ, ದೂರವಿದ್ದಾಗ ನಿಧಾನವಾಗುತ್ತದೆ. ಸೂರ್ಯನ ಸೆಳೆತವೂ ಇದರೊಳಗೆ ಕೈಹಾಕುತ್ತದೆ. ಹೀಗಾಗಿ ಒಂದೊಂದು ಚಾಂದ್ರಮಾಸದ ಉದ್ದವೂ ಬೇರೆಬೇರೆ: ಕನಿಷ್ಠ ಸುಮಾರು 29 ದಿನ 6 ಗಂಟೆ, ಗರಿಷ್ಠ ಸುಮಾರು 29 ದಿನ 20 ಗಂಟೆ. ಸೂರ್ಯನಿಗೂ ಚಂದ್ರನಿಗೂ ನಡುವೆ 12 ಡಿಗ್ರಿ ಅಂತರ ಬೆಳೆಯಲು ಹಿಡಿಯುವ ಕಾಲಕ್ಕೆ ತಿಥಿ ಎಂದು ಹೆಸರು. ಸರಾಸರಿಯಲ್ಲಿ ಅದು 23 ಗಂಟೆ 37 ನಿಮಿಷವಾದರೂ ಒಮ್ಮೆ 20 ಗಂಟೆಯಲ್ಲೇ ಮುಗಿಯುತ್ತದೆ, ಮತ್ತೊಮ್ಮೆ 26 ಗಂಟೆಯನ್ನೂ ದಾಟುತ್ತದೆ. ಒಂದು ಸೂರ್ಯೋದಯದ ನಂತರ ಆರಂಭವಾಗಿ ಮರುದಿನದ ಸೂರ್ಯೋದಯಕ್ಕೆ ಮುಂಚೆಯೇ ಮುಗಿದುಹೋದ ತಿಥಿ ‘ಕ್ಷಯ’ವಾಗುವುದು, ಎರಡು ಸೂರ್ಯೋದಯಗಳನ್ನು ಕಂಡದ್ದು ‘ವೃದ್ಧಿ’ಯಾಗುವುದು ಇದರಿಂದಲೇ. ಏಕಾದಶಿ ಇಂದೋ ನಾಳೆಯೋ ಎಂದು ಮನೆಯಲ್ಲಿ ಚರ್ಚೆ ನಡೆಯುವುದಕ್ಕೂ ಅರ್ಧ ಕಾರಣ ಇದೇ. ಉಳಿದರ್ಧಕ್ಕೆ ಮಠಗಳು, ಸಂಪ್ರದಾಯಗಳು ಇವೆ.

ನಮ್ಮ ಜ್ಯೋತಿರ್ಗಣಿತದಲ್ಲಿ ಈ ಎರಡು ಚಂದ್ರರಿಗೆ ಬೇರೆಬೇರೆ ಹೆಸರುಗಳಿವೆ. ಒಂದೇ ಸಮ ವೇಗದಲ್ಲಿ ನಡೆಯುವ ಕಲ್ಪಿತ ಚಂದ್ರ ‘ಮಧ್ಯಮ’. ಆಕಾಶದಲ್ಲಿ ನಿಜವಾಗಿ ಇರುವ ಸ್ಥಾನಕ್ಕೆ ತಿದ್ದಿದ ಚಂದ್ರ ‘ಸ್ಫುಟ’. ಪಂಚಾಂಗಕರ್ತರು ಮಧ್ಯಮದಿಂದ ಆರಂಭಿಸಿ, ಸಂಸ್ಕಾರಗಳನ್ನು ಸೇರಿಸಿ ಸ್ಫುಟವನ್ನು ಸಾಧಿಸುತ್ತಾರೆ. ತಿಥಿ ನಿರ್ಣಯವಾಗುವುದು ಸ್ಫುಟದಿಂದ. ವಾಚಿನಲ್ಲಿ ತಿರುಗುವುದಾದರೋ ಮಧ್ಯಮ ಚಂದ್ರ ಮಾತ್ರ. ಮಧ್ಯಮ ಅಮಾವಾಸ್ಯೆಗೂ ಸ್ಫುಟ ಅಮಾವಾಸ್ಯೆಗೂ ಸುಮಾರು 14 ಗಂಟೆಗಳವರೆಗೆ ಅಂತರ ಬೀಳಬಹುದು. ಹಲ್ಲುಗಳನ್ನು ಎಷ್ಟು ಸೂಕ್ಷ್ಮವಾಗಿ ಕೊರೆದರೂ ಈ ಅಂತರ ಹೋಗದು, ಏಕೆಂದರೆ ಅದು ಹಲ್ಲಿನ ದೋಷವಲ್ಲ. ಒಂಟಿಕೊಪ್ಪಲು ಪಂಚಾಂಗ ಕೈಯಲ್ಲಿರುವ ಗೃಹಸ್ಥನಿಗೆ ತಿಳಿಯುವ ಅಮಾವಾಸ್ಯೆಯ ವೇಳೆ ಕೋಟಿ ರೂಪಾಯಿಯ ವಾಚಿಗೆ ತಿಳಿಯದು.

ಚಕ್ರಗಳಿಂದ ಸ್ಫುಟವನ್ನು ಸಾಧಿಸುವುದು ಅಸಾಧ್ಯವೇ ಎಂದರೆ ಅದೂ ಅಲ್ಲ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ ಹಡಗಿನಲ್ಲಿ 1901ರಲ್ಲಿ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಕಂಚಿನ ಯಂತ್ರದಲ್ಲಿ ಕೇಂದ್ರ ತಪ್ಪಿಸಿ ಜೋಡಿಸಿದ ಎರಡು ಚಕ್ರಗಳಿದ್ದವು. ಒಂದರ ಮೊಳೆ ಇನ್ನೊಂದರ ಸೀಳಿನಲ್ಲಿ ಜಾರುತ್ತಿತ್ತು. ಚಂದ್ರನ ವೇಗ ಏರಿಳಿಯುವುದನ್ನು ಅನುಕರಿಸಲು ಮಾಡಿದ ಉಪಾಯವಿದು. ಇಂದಿನ ವಾಚುಗಳಲ್ಲಿ ಬಹುಪಾಲು ಆ ತಂಟೆಗೆ ಹೋಗಿಲ್ಲ. ಆದರೆ ಬೇರೆ ಸಂಸ್ಕೃತಿಗಳ ಚಾಂದ್ರ ಕಾಲಗಣನೆಯನ್ನು ಸ್ವಿಸ್ ಕಂಪನಿಗಳು ಕಡೆಗಣಿಸಿಲ್ಲ. ಬ್ಲಾಂಕ್‌ಪೇನ್ 2012ರಲ್ಲಿ ಚೀನೀ ಸಾಂಪ್ರದಾಯಿಕ ಕ್ಯಾಲೆಂಡರಿನ ಕೈಗಡಿಯಾರವನ್ನು ತಂದಿತು. ಅದರಲ್ಲಿ ಅಧಿಕಮಾಸದ ಸೂಚನೆಯೂ ಉಂಟು. ಪಾರ್ಮಿಜಿಯಾನಿ ಕಂಪನಿಯ ಹಿಜರಿ ಕ್ಯಾಲೆಂಡರಿನ ವಾಚು 2020ರಲ್ಲಿ ಜಿನೀವಾದ ಗಡಿಯಾರ ಪ್ರಶಸ್ತಿಗಳಲ್ಲಿ ನಾವೀನ್ಯದ ಬಹುಮಾನ ಪಡೆಯಿತು. ತಿಥಿ, ನಕ್ಷತ್ರ, ಯೋಗ, ಕರಣಗಳ ನಮ್ಮ ಪಂಚಾಂಗ ಇವೆರಡಕ್ಕಿಂತಲೂ ಜಟಿಲ.

ಇನ್ನೊಂದು ಸಣ್ಣ ಸಂಗತಿ. ಕಿಂಡಿಯಲ್ಲಿ ಕಾಣುವ ಬಿದಿಗೆ ಚಂದ್ರ ಬಲಪಕ್ಕಕ್ಕೆ ನೆಟ್ಟಗೆ ನಿಂತಿರುತ್ತದೆ. ಅದು ಜಿನೀವಾದ ಆಕಾಶಕ್ಕೆ ಹೊಂದುವ ಚಿತ್ರ. ಸೊರಬ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸಂಜೆಯ ಪಡುವಣ ದಿಗಂತದಲ್ಲಿ ಎಳೆಚಂದ್ರ ವರ್ಷದ ಅನೇಕ ತಿಂಗಳುಗಳಲ್ಲಿ ಮಲಗಿದ ದೋಣಿಯಂತೆ ಕಾಣುತ್ತದೆ.

ದಿನಾಂಕದ ಯಂತ್ರ

ಕ್ಯಾಲೆಂಡರ್ ತೋರುವ ವಾಚುಗಳಲ್ಲಿ ಮೂರು ನಾಲ್ಕು ಅಂತಸ್ತುಗಳಿವೆ. ಬೆಲೆ ಏರುವುದು ಈ ಅಂತಸ್ತಿನ ಮೇಲೆಯೇ ಆದ್ದರಿಂದ ಕೊಳ್ಳುವವರು ಇದನ್ನು ತಿಳಿದಿರಬೇಕು.

ಬರಿಯ ದಿನಾಂಕ, ಅಥವಾ ವಾರ ಮತ್ತು ದಿನಾಂಕ, ತೋರುವುದು ಸಾಮಾನ್ಯ ಮಾದರಿ. ಇದಕ್ಕೆ ತಿಂಗಳನ್ನೂ ಸೇರಿಸಿದರೆ ‘ಟ್ರಿಪಲ್ ಕ್ಯಾಲೆಂಡರ್’. ಇವೆರಡೂ ಎಲ್ಲ ತಿಂಗಳಿಗೂ 31 ದಿನವೆಂದೇ ತಿಳಿಯುತ್ತವೆ. ಆದುದರಿಂದ ಫೆಬ್ರುವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಮುಗಿದಾಗ, ಅಂದರೆ ವರ್ಷಕ್ಕೆ ಐದು ಬಾರಿ, ಕೈಯಿಂದ ತಿದ್ದಬೇಕು. 30 ಮತ್ತು 31ರ ಭೇದವನ್ನು ಬಲ್ಲ ‘ವಾರ್ಷಿಕ ಕ್ಯಾಲೆಂಡರ್’ ವಾಚನ್ನು ಪಟೆಕ್ ಫಿಲಿಪ್ 1996ರಲ್ಲಿ ತಂದಿತು. ಅದನ್ನು ಫೆಬ್ರುವರಿಯ ಕೊನೆಗೆ ಒಮ್ಮೆ ಸರಿಪಡಿಸಿದರಾಯಿತು.

ಎಲ್ಲಕ್ಕೂ ಮೇಲಿನದು ‘ಪರ್ಪೆಚುಯಲ್ ಕ್ಯಾಲೆಂಡರ್’, ಶಾಶ್ವತ ಕ್ಯಾಲೆಂಡರ್. ಇದರ ಹೃದಯದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸುತ್ತು ಮುಗಿಸುವ ಒಂದು ಬಿಲ್ಲೆ ಇದೆ. ಬಿಲ್ಲೆಯ ಅಂಚು 48 ತಿಂಗಳುಗಳಾಗಿ ವಿಂಗಡಣೆಯಾಗಿರುತ್ತದೆ. 31 ದಿನದ ತಿಂಗಳಿಗೆ ಅಂಚು ಹಾಗೇ ಇರುತ್ತದೆ, 30 ದಿನದ ತಿಂಗಳಿಗೆ ಸಣ್ಣ ತಗ್ಗು, ಫೆಬ್ರುವರಿಗೆ ಆಳವಾದ ತಗ್ಗು. ನಾಲ್ಕು ಫೆಬ್ರುವರಿಗಳಲ್ಲಿ ಒಂದಕ್ಕೆ ಮಾತ್ರ ಆಳ ಕೊಂಚ ಕಡಿಮೆ. ತಿಂಗಳ ಕೊನೆಯಲ್ಲಿ ಸನ್ನೆಕೋಲಿನ ಮೂತಿ ಈ ತಗ್ಗಿನೊಳಗೆ ಇಳಿಯುತ್ತದೆ. ಎಷ್ಟು ಆಳಕ್ಕೆ ಇಳಿಯಿತೋ ಅಷ್ಟು ದಿನಗಳನ್ನು ಹಾರಿಸಿ ದಿನಾಂಕದ ಚಕ್ರವನ್ನು ಒಂದನೇ ತಾರೀಕಿಗೆ ತಂದು ನಿಲ್ಲಿಸುತ್ತದೆ. ಕುರುಡ ಬೆರಳಿನಿಂದ ತಡವಿ ಓದಿದಂತೆ. ಲಂಡನ್ನಿನ ಥಾಮಸ್ ಮಜ್ 1762ರ ಸುಮಾರಿಗೆ ಜೇಬುಗಡಿಯಾರದಲ್ಲಿ ಇದನ್ನು ಸಾಧಿಸಿದ್ದರು. ಕೈಗಡಿಯಾರಕ್ಕೆ ಇದು ಬಂದದ್ದು 1925ರಲ್ಲಿ, ಪಟೆಕ್ ಫಿಲಿಪ್ ಮೂಲಕ. ಅದೇ ಕಂಪನಿ 1941ರಲ್ಲಿ ಕ್ಯಾಲೆಂಡರ್, ಚಂದ್ರಕಲೆ ಮತ್ತು ಕ್ರೋನೋಗ್ರಾಫ್ ಮೂರನ್ನೂ ಕೂಡಿಸಿದ 1518 ಎಂಬ ಮಾದರಿಯನ್ನು ಸಾಲಾಗಿ ತಯಾರಿಸಲಾರಂಭಿಸಿತು. ಇಂದಿಗೂ ಈ ಬಗೆಯ ವಾಚುಗಳ ಡಯಲ್ ಅದರದೇ ವಿನ್ಯಾಸವನ್ನು ನೆನಪಿಸುತ್ತದೆ.

‘ಶಾಶ್ವತ’ ಎಂಬ ಹೆಸರಿಗೂ ಗಡುವಿದೆ. ಗ್ರೆಗೋರಿಯನ್ ಪದ್ಧತಿಯಲ್ಲಿ ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ವರ್ಷ ಅಧಿಕವರ್ಷವಲ್ಲ. 2000 ಅಧಿಕವರ್ಷವಾಗಿತ್ತು, 2100 ಆಗಿರುವುದಿಲ್ಲ. ಆ ವರ್ಷ ಫೆಬ್ರುವರಿ 28ರ ಮರುದಿನ ಇಂದಿನ ಬಹುತೇಕ ಶಾಶ್ವತ ಕ್ಯಾಲೆಂಡರ್ ವಾಚುಗಳು 29 ಎಂದು ತೋರಿಸುತ್ತವೆ. ಕಲ್ಲಿನ ಮೇಲೆ ‘ಆಚಂದ್ರಾರ್ಕ’ ಎಂದು ಬರೆಸಿದವರ ಧೈರ್ಯ ಸ್ವಿಸ್ ಕುಶಲಕರ್ಮಿಗಳಿಗೆ ಬರಲಿಲ್ಲ ಎನ್ನೋಣವೇ? ಮೇಲೆ ಹೇಳಿದ 2024ರ ಐಡಬ್ಲ್ಯುಸಿ ಮಾದರಿಯಲ್ಲಿ ಮಾತ್ರ ನಾನೂರು ವರ್ಷಕ್ಕೆ ಮೂರು ಬಾರಿ ಅಧಿಕದಿನವನ್ನು ಬಿಟ್ಟುಬಿಡುವ ಏರ್ಪಾಡು ಇದೆ.

ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ನಮ್ಮ ರಾಷ್ಟ್ರೀಯ ಶಕ ಕ್ಯಾಲೆಂಡರಿಗೆ ಇಂತಹ ಬಿಲ್ಲೆ ಕೊರೆಯುವುದು ಎಷ್ಟೋ ಸುಲಭವಾಗುತ್ತಿತ್ತು ಎಂಬುದನ್ನೂ ಇಲ್ಲಿ ಗಮನಿಸಬಹುದು. ಅದರಲ್ಲಿ ಚೈತ್ರಕ್ಕೆ 30 ದಿನ, ಅಧಿಕವರ್ಷದಲ್ಲಿ 31. ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳಿಗೆ 31. ಉಳಿದ ಆರಕ್ಕೆ 30. ಫೆಬ್ರುವರಿಯಂತಹ ಹಳ್ಳವೇ ಇಲ್ಲ. ಆ ಕ್ಯಾಲೆಂಡರ್ ಆಕಾಶವಾಣಿಯ ಪ್ರಕಟಣೆ ಮತ್ತು ಸರ್ಕಾರಿ ಗೆಜೆಟ್ಟುಗಳಾಚೆ ಜನಜೀವನಕ್ಕೆ ಇಳಿಯಲೇ ಇಲ್ಲ.

ಜಾಲಹಳ್ಳಿಯಿಂದ ಹೊಸೂರಿನವರೆಗೆ

ಸ್ಪ್ರಿಂಗ್ ಮತ್ತು ಹಲ್ಲುಚಕ್ರಗಳ ವಿದ್ಯೆ ಕನ್ನಡನಾಡಿಗೆ ಹೊರಗಿನದಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಕೈಗಡಿಯಾರ ತಯಾರಿಕೆಗೆ ಇಳಿಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಮೊದಲ ವಾಚುಗಳನ್ನು ಬಿಡುಗಡೆ ಮಾಡಿದರು. ಜನತಾ, ಪೈಲಟ್, ಸೋನಾ, ಕಾಂಚನ ಮುಂತಾದ ಹೆಸರುಗಳನ್ನು ಕೇಳಿದೊಡನೆ ಹಲವು ಓದುಗರಿಗೆ ತಂದೆಯ ಮಣಿಕಟ್ಟು ನೆನಪಾದೀತು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯ ಅಳಿಯನಿಗೆ, ನಿವೃತ್ತರಾಗುವ ಮೇಷ್ಟರಿಗೆ ಎಚ್‌ಎಂಟಿ ವಾಚೇ ಉಡುಗೊರೆ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಅಂಧರಿಗಾಗಿ ಬ್ರೈಲ್ ವಾಚುಗಳನ್ನೂ ಸಂಸ್ಥೆ ತಯಾರಿಸಿತು. ಸ್ವಯಂಚಾಲಿತ ಮಾದರಿಗಳಲ್ಲಿ ವಾರ ಮತ್ತು ದಿನಾಂಕ ಎರಡೂ ಇದ್ದವು. ಕೆಲವುಗಳಲ್ಲಿ ವಾರದ ಹೆಸರು ಇಂಗ್ಲಿಷಿನೊಡನೆ ಹಿಂದಿಯಲ್ಲೂ ಬರುತ್ತಿತ್ತು. ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಏಳು ಮೀಟರ್ ವ್ಯಾಸದ ಹೂಗಡಿಯಾರವೂ ಎಚ್‌ಎಂಟಿಯದೇ ಕೊಡುಗೆ.

ದಿನಾಂಕದ ಚಕ್ರವನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕೊರೆದ ಕೈಗಳಿಗೆ 59 ಹಲ್ಲಿನ ಚಂದ್ರತಟ್ಟೆ ದೂರದ ಕೆಲಸವಾಗಿರಲಿಲ್ಲ. ಆದರೆ ಸಂಸ್ಥೆಯ ಗುರಿ ಅದಾಗಿರಲಿಲ್ಲ: ಸಾಮಾನ್ಯ ಮನುಷ್ಯನಿಗೆ ಕೈಗೆಟುಕುವ, ಹತ್ತಾರು ವರ್ಷ ಬಾಳುವ ವಾಚು. ಆ ಗುರಿಯನ್ನು ಅದು ಸಾಧಿಸಿತು. ಅಷ್ಟರಲ್ಲಿ ಕಾಲವೇ ಬದಲಾಯಿತು. ಜಪಾನಿನ ಸೀಕೊ ಕಂಪನಿ 1969ರ ಡಿಸೆಂಬರ್ 25ರಂದು ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಬಳಿಕ ಸ್ವಿಟ್ಜರ್ಲೆಂಡಿನಲ್ಲೇ ಗಡಿಯಾರ ಉದ್ಯಮದ ನೌಕರರ ಸಂಖ್ಯೆ 1970ರ ಸುಮಾರು 90 ಸಾವಿರದಿಂದ 1980ರ ದಶಕದ ನಡುವಿಗೆ ಮೂರನೇ ಒಂದರಷ್ಟಕ್ಕೆ ಕುಸಿಯಿತು. ಅವರನ್ನು ಉಳಿಸಿದ್ದು ಅಗ್ಗದ ವಾಚಲ್ಲ ಮಾತ್ರ, ದುಬಾರಿ ಚಂದ್ರನೂ ಹೌದು. 1983ರಲ್ಲಿ ಬ್ಲಾಂಕ್‌ಪೇನ್ ಚಂದ್ರಕಲೆಯ ಯಾಂತ್ರಿಕ ವಾಚನ್ನು ಮತ್ತೆ ತಂದು, ಹಳೆಯ ಕುಶಲತೆಯನ್ನೇ ಐಷಾರಾಮವೆಂದು ಮಾರುವ ದಾರಿ ತೋರಿತು. 1985ರಲ್ಲಿ ಐಡಬ್ಲ್ಯುಸಿಯ ಕರ್ಟ್ ಕ್ಲಾಸ್ ರೂಪಿಸಿದ ‘ಡಾ ವಿಂಚಿ’ಯಲ್ಲಿ ಇಡೀ ಶಾಶ್ವತ ಕ್ಯಾಲೆಂಡರನ್ನು ಬದಿಯ ಒಂದೇ ಗುಂಡಿಯಿಂದ ಮುಂದೂಡಬಹುದಾಗಿತ್ತು.

ಜಾಲಹಳ್ಳಿಗೆ ಆ ದಾರಿ ಕಾಣಲಿಲ್ಲ. ಅಥವಾ ಯಾರೂ ತೋರಿಸಲಿಲ್ಲ. ನಷ್ಟದ ಮೇಲೆ ನಷ್ಟ ಬಂದು 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಅದೇ ವರ್ಷದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ರಾಜ್ಯ ರಾಜಕಾರಣದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಹೂಬ್ಲೊ ವಾಚಿನ ವಿವಾದ ಬಿಸಿಯೇರಿತು. ಅದು ಸ್ನೇಹಿತರ ಉಡುಗೊರೆ ಎಂದು ತಿಳಿಸಿದ ಮುಖ್ಯಮಂತ್ರಿಗಳು ವಾಚನ್ನು ಸರ್ಕಾರದ ಆಸ್ತಿಯಾಗಿಸಲು ವಿಧಾನಸಭಾಧ್ಯಕ್ಷ ಕಾಗೋಡು ತಿಮ್ಮಪ್ಪ ಅವರಿಗೆ ಒಪ್ಪಿಸಿದರು. ‘ಸಮಾಜವಾದಿಯ ಕೈಗೆ ದುಬಾರಿ ವಾಚು’ ಎಂಬ ಚರ್ಚೆಯಲ್ಲಿ, ನಾಡಿನದೇ ವಾಚು ಕಾರ್ಖಾನೆಗೆ ಬಾಗಿಲು ಬಿದ್ದ ಸುದ್ದಿ ಹಿಂದೆ ಸರಿಯಿತು.

ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊ ಸಂಸ್ಥೆಗೆ ಸೇರಿತು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಚಂದ್ರಯಾನ-3ನ್ನು ಇಳಿಸಿದ್ದು ಇದೇ ಸಂಸ್ಥೆ. ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿಯ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ಆಸಕ್ತರು ಅಲ್ಲಿ ಹಳೆಯ ಯಂತ್ರಗಳನ್ನೂ ವಾಚುಗಳನ್ನೂ ನೋಡಬಹುದು.

ಬೆಂಗಳೂರಿನ ಗಡಿಯಾಚೆ, ಕನ್ನಡಿಗರೂ ಗಣನೀಯವಾಗಿರುವ ಹೊಸೂರಿನಲ್ಲಿ ಇನ್ನೊಂದು ಕತೆ ನಡೆಯಿತು. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ 1984ರಲ್ಲಿ ಜಂಟಿಯಾಗಿ ಸ್ಥಾಪಿಸಿದ ಟೈಟನ್, ಆರಂಭದಿಂದಲೇ ಕ್ವಾರ್ಟ್ಜ್ ಮೇಲೆ ಪಣವೊಡ್ಡಿ ಗೆದ್ದಿತು. ಗೆದ್ದ ಮೇಲೆ ನಿಧಾನವಾಗಿ ಯಾಂತ್ರಿಕ ವಿದ್ಯೆಗೂ ಕೈಹಾಕಿತು. ಚಂದ್ರಕಲೆಯ ಕಿಂಡಿ ಇರುವ ಮಾದರಿಗಳನ್ನು ಮಾರಿದ್ದಷ್ಟೇ ಅಲ್ಲದೆ 2025ರಲ್ಲಿ ನೆಬುಲಾ ಸರಣಿಯಲ್ಲಿ ಟೂರ್ಬಿಯಾನ್ ಎಂಬ ಅತಿಸೂಕ್ಷ್ಮ ಯಂತ್ರವಿರುವ ವಾಚನ್ನು ಹತ್ತೇ ಸಂಖ್ಯೆಯಲ್ಲಿ ಹೊರತಂದಿತು. ಬೆಂಗಳೂರು ವಾಚ್ ಕಂಪನಿಯಂತಹ ಸಣ್ಣ ಸಂಸ್ಥೆಗಳೂ ಸ್ವಿಸ್ ಯಂತ್ರಗಳನ್ನು ಅಳವಡಿಸಿ ಭಾರತೀಯ ವಸ್ತುವಿಷಯದ ವಾಚುಗಳನ್ನು ಮಾಡುತ್ತಿವೆ. ಅದರ ಒಂದು ಸರಣಿಗೆ ಬಾಹ್ಯಾಕಾಶವೇ ಸ್ಫೂರ್ತಿ.

ಕೊಳ್ಳುವ ಮುನ್ನ

ಚಂದ್ರಕಲೆ ತೋರುವ ಸ್ವಿಸ್ ಯಾಂತ್ರಿಕ ವಾಚುಗಳ ಬೆಲೆ ನಮ್ಮಲ್ಲಿ ಎರಡು ಮೂರು ಲಕ್ಷ ರೂಪಾಯಿಯ ಸುಮಾರಿಗೆ ಆರಂಭವಾಗುತ್ತದೆ. ಶಾಶ್ವತ ಕ್ಯಾಲೆಂಡರ್ ಬೇಕೆಂದರೆ ಬೆಲೆ ಹಲವು ಪಟ್ಟು ಏರುತ್ತದೆ. ಫ್ರೆಡರಿಕ್ ಕಾನ್ಸ್ಟಂಟ್ ಕಂಪನಿ 2016ರಲ್ಲಿ 10 ಸಾವಿರ ಯುರೋಗಿಂತ ಕಡಿಮೆ ಬೆಲೆಗೆ ಇಂತಹ ವಾಚನ್ನು ತಂದಾಗ ಅದೇ ದೊಡ್ಡ ಸುದ್ದಿಯಾಗಿತ್ತು.

ತೆರಿಗೆಯ ವಿಚಾರದಲ್ಲಿ ಎರಡು ಬದಲಾವಣೆಗಳನ್ನು ತಿಳಿದಿರುವುದು ಒಳಿತು. 10 ಲಕ್ಷ ರೂಪಾಯಿ ಮೀರಿದ ಐಷಾರಾಮಿ ಕೈಗಡಿಯಾರ ಕೊಂಡರೆ 2025ರ ಏಪ್ರಿಲ್ 22ರಿಂದ ಮಾರಾಟಗಾರ ಶೇ 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬೇಕಾಗಿದೆ. ಇದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ಐರೋಪ್ಯ ರಾಷ್ಟ್ರಗಳೊಡನೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಮಾಡಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಸ್ವಿಸ್ ವಾಚುಗಳ ಆಮದು ಸುಂಕ ಅದರಂತೆ ಹಂತಹಂತವಾಗಿ ಇಳಿಯಲಿದೆ, ಒಂದೇ ದಿನದಲ್ಲಿ ಅಲ್ಲ.

ಅಗ್ಗದ ವಾಚುಗಳಲ್ಲಿ ಒಂದು ಮೋಸವಿದೆ. ಅದೇ ಬಗೆಯ ಕಿಂಡಿಯಲ್ಲಿ ಸೂರ್ಯ ಮತ್ತು ಚಂದ್ರನ ಚಿತ್ರವಿರುವ ತಟ್ಟೆ 24 ಗಂಟೆಗೊಮ್ಮೆ ತಿರುಗುತ್ತಿರುತ್ತದೆ. ಅದು ಹಗಲು ರಾತ್ರಿಯನ್ನು ಮಾತ್ರ ಸೂಚಿಸುತ್ತದೆ. ಕೆಲವರು ಅದನ್ನೇ ಚಂದ್ರಕಲೆ ಎಂದು ಮಾರುತ್ತಾರೆ. ಮುಳ್ಳುಗಳನ್ನು ಹನ್ನೆರಡು ಗಂಟೆಯಷ್ಟು ಮುಂದಕ್ಕೆ ತಿರುಗಿಸಿದಾಗ ಚಂದ್ರ ಹೋಗಿ ಸೂರ್ಯ ಬಂದರೆ ಬಣ್ಣ ಬಯಲಾಯಿತು. ಇನ್ನು ಹಳೆಯ ಎಚ್‌ಎಂಟಿ ವಾಚುಗಳಿಗೆ ಬೇಡಿಕೆ ಹೆಚ್ಚಿದಂತೆ, ಡಯಲ್‌ಗೆ ಹೊಸ ಬಣ್ಣ ಹೊಡೆದು ‘ಬಳಸದ ಹಳೆಯ ಸರಕು’ ಎಂದು ಮಾರುವ ದಂಧೆಯೂ ಬೆಳೆದಿದೆ. ಎಚ್‌ಎಂಟಿ ಎಂದೂ ಬಳಸದ ಗಾಢ ಬಣ್ಣಗಳು, ಅಂದಗೆಟ್ಟ ಅಕ್ಷರಗಳು ಅದರ ಗುರುತು.

ಚಂದ್ರನನ್ನು ಹೊಂದಿಸುವ ಕ್ರಮ ಸುಲಭ. ಪಂಚಾಂಗದಲ್ಲಿ ಕಳೆದ ಹುಣ್ಣಿಮೆಯ ತಾರೀಕನ್ನು ನೋಡಿಕೊಳ್ಳಬೇಕು. ಕಿಂಡಿಯ ನಡುವೆ ಪೂರ್ಣಚಂದ್ರ ಬರುವವರೆಗೆ ಗುಂಡಿ ಒತ್ತಿ, ಅಲ್ಲಿಂದ ಇಂದಿನವರೆಗೆ ಎಷ್ಟು ದಿನವಾಯಿತೋ ಅಷ್ಟು ಬಾರಿ ಮತ್ತೆ ಒತ್ತಬೇಕು. ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ಮಾತ್ರ ಈ ಕೆಲಸ ಬೇಡ. ಆ ಹೊತ್ತಿನಲ್ಲಿ ಕ್ಯಾಲೆಂಡರಿನ ಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಮುಳ್ಳು ಆರರ ಕಡೆಗೆ ಇರುವಾಗ ಮಾಡುವುದು ಕ್ಷೇಮ. ಗುಂಡಿ ಒಳಗೆ ಹುದುಗಿದ್ದರೆ ವಾಚಿನೊಡನೆ ಕೊಟ್ಟ ಕಡ್ಡಿಯನ್ನೇ ಬಳಸಬೇಕು, ಸೂಜಿ ಪಿನ್ನುಗಳನ್ನಲ್ಲ.

ಐದು ವರ್ಷಕ್ಕೊಮ್ಮೆಯಾದರೂ ಯಂತ್ರ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಶಾಶ್ವತ ಕ್ಯಾಲೆಂಡರಿನ ವಾಚುಗಳನ್ನು ಬಿಚ್ಚಬಲ್ಲವರು ನಮ್ಮಲ್ಲಿ ವಿರಳ. ಹಲವು ಬಾರಿ ಅದು ವಿದೇಶಕ್ಕೇ ಹೋಗಿ ತಿಂಗಳುಗಟ್ಟಲೆ ಕಾಯಿಸುತ್ತದೆ. ಈ ಖರ್ಚನ್ನು ಕೊಳ್ಳುವಾಗಲೇ ವಿಚಾರಿಸಿಕೊಳ್ಳಬೇಕು. ಇಂತಹ ವಾಚುಗಳ ಬೆನ್ನಿನ ಮೇಲೆ ‘30 ಮೀಟರ್’ ಎಂದು ಬರೆದಿದ್ದರೆ ಕೈತೊಳೆಯುವಾಗ ಹನಿ ಬಿದ್ದರೆ ಚಿಂತೆಯಿಲ್ಲ ಎಂದಷ್ಟೇ ಅರ್ಥ, ಈಜಬಹುದೆಂದಲ್ಲ. ಸೊರಬ, ಸಾಗರದ ಕಡೆಯ ಮಳೆಗಾಲದಲ್ಲಿ ಚರ್ಮದ ಪಟ್ಟಿಗೆ ಎರಡೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಕ್ಕಿನ ಪಟ್ಟಿ ಹಾಕಿಕೊಳ್ಳುವುದೇ ಮೇಲು.